ಹೂವಿನ ಮೇಲೆ ಕೊಂಡ ತೋಪಿಗೆ ತೆರಿಗೆ

ಆಡಿಟರ್ ಆಫೀಸುಗಳಿಗೆ ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ, ಟ್ಯಾಕ್ಸ್ ಉಳಿಸುವುದು ಹೇಗೆ ಮೇಡಂ ಅಂತ. ಟ್ಯಾಕ್ಸ್ ಯಾತರ ಮೇಲೆ ಬಿತ್ತು, ಯಾಕೆ ಬಿತ್ತು ಎಂದು ಕೇಳಿದವರನ್ನು ನಾನಿನ್ನೂ ನೋಡಬೇಕು. ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನ್ನ ಹುಟ್ಟುಗುಣ, ಅದಕ್ಕೆ ಆ ಮಕ್ಕಳೇನು ಮಾಡಿಯಾವು? ಬೈದು ಮುಗಿಸಿ, ಕಾಫಿ ಕೊಟ್ಟು, ಯಲ್ದೂರು ಕಡೆಯ ರತ್ನಮ್ಮನ ಕೇಸು ಹೇಳಿ ಕಳಿಸುತ್ತೇನೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಈಗ ಬರೆದಿಡುತ್ತಿದ್ದೇನೆ.

ನಾನು ಮುಳಬಾಗಿಲಿನವಳು. ನಮ್ಮ ಮನೆಯ ಗಂಡಸರದು ಪೌರೋಹಿತ್ಯ. ಹೆಣ್ಣುಮಗಳು ಬಿ.ಕಾಂ. ಓದಿ ದಿನಾ ಬಸ್ಸು ಹತ್ತಿ ಕೋಲಾರಕ್ಕೆ ಕೆಲಸಕ್ಕೆ ಹೋಗುತ್ತಾಳೆಂದರೆ ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಬೀದಿಗೆ ಅದೊಂದು ಸುದ್ದಿ. ನಾನು ಸೇರಿದ್ದು ಆಡಿಟರ್ ಕೃಷ್ಣಮೂರ್ತಿಗಳ ಆಫೀಸಿಗೆ. ಆಫೀಸೆಂದರೆ ಮಹಡಿ ಮೇಲಿನ ಎರಡು ಕೋಣೆ, ಒಂದು ಟೈಪ್‌ರೈಟರು, ಕಾರ್ಬನ್ ಹಾಳೆ ಹಿಡಿದು ಹಿಡಿದು ಕಪ್ಪಾದ ನಮ್ಮ ಬೆರಳುಗಳು, ಅಷ್ಟೆ. ಮೂರ್ತಿಗಳಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಷ್ಟೆ. ಇಬ್ಬರೂ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಹೇಗೆ ಕೂತೆವೋ ಆ ದೇವರಿಗೇ ಗೊತ್ತು. ಆದರೆ ಅಂಥ ಗುರು ಇನ್ನೊಬ್ಬರು ನನಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ.

ಮೊದಲ ವಾರ ಅವರು ನನ್ನ ಕೈಗೆ ಪೆನ್ನೇ ಕೊಡಲಿಲ್ಲ. ಮಾಲೂರಿನ ಬಸ್ಸು ಹತ್ತಿಸಿ ಒಂದು ಇಟ್ಟಿಗೆ ಗೂಡಿಗೆ ಕರೆದುಕೊಂಡು ಹೋದರು. ಮಣ್ಣು ಕಲೆಸುವುದು, ಅಚ್ಚಿಗೆ ಹಾಕುವುದು, ಒಣಗಿಸುವುದು, ಸುಡುವುದು ಎಲ್ಲವನ್ನೂ ಬಿಸಿಲಲ್ಲಿ ನಿಲ್ಲಿಸಿ ತೋರಿಸಿದರು. ಗೂಡು ಬಿಚ್ಚಿದಾಗ ಒಡೆದ ಇಟ್ಟಿಗೆಯ ರಾಶಿ ಒಂದು ಪಕ್ಕ ಬಿತ್ತು. ಈ ರಾಶಿ ನೋಡದೆ ಅವನ ಲಾಭ ಬರೆದರೆ ಅದು ಲೆಕ್ಕ ಅಲ್ಲ, ಕಥೆ ಅಂದರು. ಕಸುಬು ಕಣ್ಣಾರೆ ಕಾಣದೆ ಲೆಕ್ಕ ಬರೆಯಬಾರದೆಂಬುದು ಅವರ ಕಟ್ಟುನಿಟ್ಟು. ಇನ್ನೊಂದು ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು: ಕಟ್ಟಬೇಕಾದ ತೆರಿಗೆಯಲ್ಲಿ ಒಂದು ಕಾಸು ಬಿಡಬೇಡ, ಕಟ್ಟಬೇಕಿಲ್ಲದ್ದನ್ನು ಹೆದರಿ ಒಂದು ಕಾಸೂ ಕಟ್ಟಬೇಡ. ಕೇಳಲು ಸುಲಭದ ಮಾತು. ಹಾಗೆ ನಡೆದುಕೊಂಡವರನ್ನು ಬೆರಳೆಣಿಕೆಯಲ್ಲಿ ಕಂಡಿದ್ದೇನೆ.

ಫೆಬ್ರವರಿ ಬಂತೆಂದರೆ ಮೇಷ್ಟ್ರುಗಳ ಕಾಲ. ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆಂಬ ಭಯಕ್ಕೆ ಸಿಕ್ಕ ಸಿಕ್ಕ ಪಾಲಿಸಿ ಮಾಡಿಸಿ, ರಸೀದಿ ಹಿಡಿದು ಓಡಿಬರುತ್ತಿದ್ದರು. ಮುಳಬಾಗಿಲಿನ ಒಬ್ಬ ಹೆಡ್‌ಮೇಷ್ಟ್ರು ಪ್ರತಿ ವರ್ಷವೂ ಹೊಸದೊಂದು ಪಾಲಿಸಿ ಮಾಡಿಸುತ್ತಾ ಹೋಗಿ, ಕೊನೆಗೆ ಪ್ರೀಮಿಯಂ ಕಟ್ಟುವುದಕ್ಕೆ ಸೊಸೈಟಿಯಲ್ಲಿ ಬಡ್ಡಿಗೆ ಸಾಲ ತೆಗೆದಿದ್ದರು. ಮೂರ್ತಿಗಳು ಅವರನ್ನು ಕೂರಿಸಿಕೊಂಡು, ಉಳಿಯುವ ತೆರಿಗೆ ಎಷ್ಟು, ಅದಕ್ಕಾಗಿ ತೆರುವ ಬಡ್ಡಿ ಎಷ್ಟು ಎಂದು ಅವರ ಕೈಯಲ್ಲೇ ಕೂಡಿಸಿ ಕಳೆಸಿದರು. ಮೇಷ್ಟ್ರು ಬೆವೆತುಹೋದರು. ಆಮೇಲೆ ಪಿ.ಎಫ್.ಗೆ ತಿಂಗಳು ತಿಂಗಳು ಸ್ವಲ್ಪ ಹೆಚ್ಚಿಗೆ ಹಿಡಿಸಿ, ಬೇಡದ ಪಾಲಿಸಿ ಬಿಟ್ಟು, ನೆಮ್ಮದಿಯಾಗಿ ನಿವೃತ್ತರಾದರು. ಮನೆಗೆ ಬೇಕಾದ್ದನ್ನು ಮೊದಲು ಯೋಚಿಸಿ, ತೆರಿಗೆಯನ್ನು ಆಮೇಲೆ ಯೋಚಿಸಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ.

ಇನ್ನೊಂದು ತಮಾಷೆ. ಫೋನ್ ಇದ್ದವರು, ಕಾರು ಇದ್ದವರು ರಿಟರ್ನ್ ಹಾಕಬೇಕು ಅಂತ ಸರ್ಕಾರ ಹೇಳಿದ ಕಾಲ ಅದು. ನಂಗಲಿಯಲ್ಲಿ ಲಾರಿಯವರಿಗೆ ಟೈರು, ಹಗ್ಗ ಮಾರುತ್ತಿದ್ದ ಒಬ್ಬರು ವರ್ಷಗಟ್ಟಲೆ ಕಾದು ಹಾಕಿಸಿಕೊಂಡ ಫೋನನ್ನೇ ತೆಗೆಸಿಬಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು. ಅವರು ತುಂಬಬೇಕಾಗಿದ್ದದ್ದು ಒಂದೇ ಹಾಳೆಯ ಫಾರಂ, ತೆರಿಗೆ ಬೀಳುತ್ತಲೂ ಇರಲಿಲ್ಲ. ರಿಟರ್ನ್ ಹಾಕುವುದೆಂದರೆ ತೆರಿಗೆ ಕಟ್ಟುವುದು ಅಂತ ನಮ್ಮ ಜನ ತಿಳಿದಿದ್ದರು. ಈಗಲೂ ಹಾಗೆ ತಿಳಿದವರಿದ್ದಾರೆ.

ರತ್ನಮ್ಮ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ದು ಇದಾದ ಕೆಲವು ವರ್ಷಕ್ಕೆ. ಶ್ರೀನಿವಾಸಪುರ ತಾಲ್ಲೂಕು, ಯಲ್ದೂರಿನ ಹತ್ತಿರದ ಹಳ್ಳಿಯವಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು. ಗಂಡ ಮಾಡುತ್ತಿದ್ದ ಮಾವಿನ ವ್ಯಾಪಾರವನ್ನು ಬಿಡದೆ ಅವಳೇ ನಡೆಸುತ್ತಿದ್ದಳು. ಶ್ರೀನಿವಾಸಪುರದ ಕಡೆ ಈ ವ್ಯಾಪಾರಕ್ಕೊಂದು ಪದ್ಧತಿ ಇದೆ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ತೋಪಿನ ಯಜಮಾನರ ಹತ್ತಿರ ಹೋಗಿ, ಹೂವು ನೋಡಿ ಬೆಲೆ ಕಟ್ಟಿ, ಅಡ್ವಾನ್ಸ್ ಕೊಡುತ್ತಾನೆ. ಅಲ್ಲಿಂದ ಔಷಧಿ ಹೊಡೆಸುವುದು, ಕಾವಲು, ಕಾಯಿ ಕೀಳಿಸುವುದು, ಮಂಡಿಗೆ ಸಾಗಿಸುವುದು ಎಲ್ಲ ವ್ಯಾಪಾರಿಯದೇ. ಗಾಳಿ ಬೀಸಿ ಕಾಯಿ ಉದುರಿದರೆ ಅವನದೇ ನಷ್ಟ, ಬೆಲೆ ಬಂದರೆ ಅವನದೇ ಲಾಭ. ರತ್ನಮ್ಮನಿಗೆ ಸ್ವಂತದ್ದೂ ಒಂದು ಚಿಕ್ಕ ತೋಪಿತ್ತು. ಅದರ ಜೊತೆಗೆ ಸುತ್ತಮುತ್ತಲ ಏಳೆಂಟು ತೋಪುಗಳನ್ನು ಹೂವಿನ ಮೇಲೆ ಕೊಳ್ಳುತ್ತಿದ್ದಳು.

ಅವಳ ಕೈಯಲ್ಲಿ ಇನ್‌ಕಂ ಟ್ಯಾಕ್ಸಿನ ನೋಟಿಸಿತ್ತು. ಬ್ಯಾಂಕಿನಲ್ಲಿ ಇಷ್ಟು ಹಣ ಬಿದ್ದಿದೆ, ಇದರ ಮೂಲವೇನು, ಯಾಕೆ ರಿಟರ್ನ್ ಹಾಕಿಲ್ಲ ಎಂದು ಕೇಳಿದ್ದರು. ಅವಳ ಗಂಡ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದದ್ದು ಒಂದೇ ಮಾತಂತೆ. ನಮ್ಮದು ಮಾವು, ಮಾವು ಅಂದರೆ ವ್ಯವಸಾಯ, ವ್ಯವಸಾಯಕ್ಕೆ ತೆರಿಗೆ ಇಲ್ಲ. ಆ ಸೀಮೆಯ ಮಾವಿನ ವ್ಯಾಪಾರಿಗಳೆಲ್ಲ ನಂಬಿದ್ದ ತಪ್ಪೇ ಅದು. ತಾವು ರೈತರೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

ಆ ಬ್ಯಾಂಕಿನ ಹಣವೇ ಅವಳ ಬಂಡವಾಳವೆಲ್ಲ. ಮುಂದಿನ ಹೂವಿಗೆ ಅಡ್ವಾನ್ಸ್ ಕೊಡಬೇಕಾದ್ದು ಅದರಲ್ಲೇ. ಅದು ಹೋದರೆ ವ್ಯಾಪಾರ ಹೋಯಿತು, ಬೇರೆಯವರ ತೋಪಿನಲ್ಲಿ ಕೂಲಿಗೆ ಹೋಗಬೇಕು, ಹುಡುಗಿಯರ ಓದು ನಿಲ್ಲುತ್ತದೆ. ಇದನ್ನು ಅವಳು ಅಳದೆ, ದನಿ ಏರಿಸದೆ ಹೇಳಿದಳು.

ಮೂರ್ತಿಗಳು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. "ಆ ತೋಪುಗಳನ್ನ ಉತ್ತವರು ಯಾರಮ್ಮ? ಗಿಡ ನೆಟ್ಟವರು, ಪಾತಿ ಕಟ್ಟಿದವರು ಯಾರು?"

"ನಮ್ದು ನಾವು ಉಳ್ತೀವಿ ಸಾರ್. ಮಿಕ್ಕಿದ್ದು ಅವರವರೇ. ನಂಗೆ ಹೂವಿಂದ ಮೇಲೆ."

ಅಲ್ಲಿಗೆ ಕಾನೂನು ಸ್ಪಷ್ಟವಾಯಿತು. ನೆಲ ಉತ್ತು ಬೆಳೆದವರ ಆದಾಯ ವ್ಯವಸಾಯದ ಆದಾಯ, ಅದಕ್ಕೆ ತೆರಿಗೆ ಇಲ್ಲ. ಬೆಳೆದು ನಿಂತದ್ದನ್ನು ಕೊಂಡು ಮಾರಿದವರದು ವ್ಯಾಪಾರ. ಎಷ್ಟು ಔಷಧಿ ಹೊಡೆಸಿದರೂ, ಎಷ್ಟು ರಾತ್ರಿ ಕಾವಲು ಕಾದರೂ ಅದು ವ್ಯಾಪಾರವೇ. ರತ್ನಮ್ಮನ ಸ್ವಂತ ತೋಪು ಈ ಕಡೆ, ಉಳಿದವೆಲ್ಲ ಆ ಕಡೆ. ಆದರೆ ತೆರಿಗೆ ಬೀಳುವುದು ಲಾಭದ ಮೇಲೆ, ಬ್ಯಾಂಕಿಗೆ ಬಿದ್ದ ಹಣದ ಮೇಲಲ್ಲ ಎಂದು ಮೂರ್ತಿಗಳು ಸಮಾಧಾನ ಹೇಳಿದರು. ತೋಪಿನವರಿಗೆ ಕೊಟ್ಟದ್ದು, ಕೂಲಿ, ಔಷಧಿ, ಬಾಡಿಗೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಕಷ್ಟವೆಂದರೆ ಅವಳು ಕೊಟ್ಟದ್ದೆಲ್ಲ ನಗದು, ಬಾಯಿಮಾತಿನ ವ್ಯವಹಾರ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ತೋಪಿನವರು ಹಣ ಬಂತೆಂದು ಒಪ್ಪದಿದ್ದರೆ ಖರ್ಚಿಗೆ ಆಧಾರವಿಲ್ಲ, ಆಧಾರವಿಲ್ಲದಿದ್ದರೆ ಹೆಚ್ಚುಕಡಿಮೆ ಬಿದ್ದದ್ದೆಲ್ಲ ಲಾಭವೆಂದೇ ಅಂದಾಜಾಗುತ್ತದೆ.

ಮಾರನೆಯ ವಾರ ಅವಳ ಜೊತೆ ಮೈದುನ ವೆಂಕಟರವಣಪ್ಪ ಬಂದ. ತುಂಬ ಬುದ್ಧಿವಂತ, ಅತ್ತಿಗೆಯ ಮೇಲೆ ಅಭಿಮಾನವೂ ಇದ್ದವನು. ಕೈಚೀಲದಿಂದ ಹಳೆಯ ತಾರೀಖಿನ ಛಾಪಾ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟ. ತೋಪಿನ ಯಜಮಾನರು ನೆಲವನ್ನೇ ರತ್ನಮ್ಮನಿಗೆ ಗೇಣಿಗೆ ಕೊಟ್ಟಿದ್ದಾರೆ, ಉತ್ತು ಬೆಳೆದವಳು ಅವಳೇ ಎಂದು ಬರೆಸಿ, ಒಬ್ಬೊಬ್ಬರ ಹೆಬ್ಬೆಟ್ಟು ಒತ್ತಿಸಿಬಿಟ್ಟರೆ ಎಲ್ಲವೂ ವ್ಯವಸಾಯವೇ ಆಗುತ್ತದೆ, ಒಂದು ಪೈಸೆ ತೆರಿಗೆ ಇಲ್ಲ ಎಂದು ವಿವರಿಸಿದ. ಆ ವರ್ಷ ಶ್ರೀನಿವಾಸಪುರದಲ್ಲಿ ಎಷ್ಟೋ ವ್ಯಾಪಾರಿಗಳು ಹಾಗೇ ಮಾಡುತ್ತಿದ್ದರು.

ಮೂರ್ತಿಗಳು ರೇಗಿ ಎದ್ದರು. ಸುಳ್ಳು ಕಾಗದ ತಮ್ಮ ಮೇಜಿನಿಂದ ಹೋಗುವುದಿಲ್ಲ, ಬೇರೆ ಆಡಿಟರನ್ನು ನೋಡಿಕೊಳ್ಳಿ ಎಂದರು. ಅವನೂ ಬಿಡಲಿಲ್ಲ. ಎರಡು ಹೆಣ್ಣುಮಕ್ಕಳನ್ನು ನೀವು ಸಾಕುತ್ತೀರಾ ಸಾರ್ ಎಂದು ಕೇಳಿದ.

ರತ್ನಮ್ಮ ಒಂದೊಂದೇ ಕಾಗದ ಎತ್ತಿ ನೋಡಿದಳು. ಮೇಲಿನದು ಪಾಪಮ್ಮ ಎಂಬ ಮುದುಕಿಯ ಹೆಸರಿನಲ್ಲಿತ್ತು. ರತ್ನಮ್ಮ ಕೊಳ್ಳುತ್ತಿದ್ದ ತೋಪುಗಳಲ್ಲೆಲ್ಲ ದೊಡ್ಡದು ಪಾಪಮ್ಮನದೇ. ಅದನ್ನು ಕೈಯಲ್ಲೇ ಹಿಡಿದು ಮೈದುನನಿಗೆ ಹೇಳಿದಳು:

"ಈ ಯಮ್ಮನ ಮಾವ ಗೇಣಿಗೆ ಕೊಟ್ಟಿದ್ದ ಹೊಲ ಹೆಂಗೋಯ್ತು ನಿಂಗೊತ್ತಲ್ಲ ವೆಂಕ್ಟ್ರವಣ. ಉಳೋನೇ ಒಡೆಯ ಅಂತ ಬಂತು, ಗೇಣಿ ಮಾಡಿದೋನು ಫಾರಂ ಹಾಕ್ದ, ಹೋಯ್ತು. ಈಗ ಅದೇ ಗೇಣಿ ಅನ್ನೋ ಮಾತಿನ್ಮೇಲೆ ಹೆಬ್ಬೆಟ್ಟು ಒತ್ತು ಅಂತ ನಾನು ಕೇಳಾದಾ? ನಾಳೆ ನಾನಿಲ್ದಾಗ ಈ ಕಾಗ್ದ ಯಾರ ಕೈಗೆ ಹೋಗ್ತದೋ ಏನೋ. ನಾನು ಹೂವು ಕೊಂಡಿದ್ದೀನಿ, ನೆಲ ಕೊಂಡಿಲ್ಲ."

ವೆಂಕಟರವಣಪ್ಪ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ಎಷ್ಟು ಬೀಳುತ್ತದೋ ಬೀಳಲಿ, ನಿಜವನ್ನೇ ಬರೆಯಿರಿ ಎಂದು ರತ್ನಮ್ಮ ಮೂರ್ತಿಗಳಿಗೆ ಹೇಳಿದಳು. ತೋಪಿನವರ ಹತ್ತಿರ ನಿಜದ ಹೇಳಿಕೆಯನ್ನಾದರೂ ಪಡೆದುಕೊಂಡು ಬಾ ಎಂದರೆ ಅದಕ್ಕೂ ಒಪ್ಪಲಿಲ್ಲ. ಕಾಗದ ಅಂದರೆ ಅವರು ಹೆದರುತ್ತಾರೆ, ತಾನು ಕೇಳಿದರೆ ಇಲ್ಲ ಅನ್ನಲಾಗದೆ ಒದ್ದಾಡುತ್ತಾರೆ, ತನ್ನ ಕಷ್ಟಕ್ಕೆ ಅವರ ನಿದ್ದೆ ಕೆಡಿಸುವುದಿಲ್ಲ ಎಂದಳು. ಇಂಥ ಹಟಮಾರಿಯನ್ನು ನಾನು ಕಂಡಿರಲಿಲ್ಲ.

ಹಾಗಾಗಿ ಹೊರಟವಳು ನಾನು. ಮೂರ್ತಿಗಳೇ ಕಳಿಸಿದರು. ಪಾಪಮ್ಮನ ಮನೆಯ ಜಗಲಿಯಲ್ಲಿ ಕೂತು, ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದೆ. ಹಣ ಬಂತೆಂದು ಒಪ್ಪಿದರೆ ತನಗೇ ತೆರಿಗೆ ಬೀಳುತ್ತದೆ ಎಂಬುದು ಆಕೆಯ ಮೊದಲ ಭಯ. ಉತ್ತು ಬೆಳೆದವರು ನೀವು, ಹೂವು ಮಾರಿದರೂ ನಿಮ್ಮದು ವ್ಯವಸಾಯದ ಹಣವೇ, ನಿಮಗೆ ಏನೂ ಬೀಳುವುದಿಲ್ಲ ಎಂದೆ. ಎರಡನೆಯ ಭಯ ಕಾಗದದ್ದು. ಅದಕ್ಕೆ ನಾನೇನು ಹೇಳಿದರೂ ತಲೆ ಅಲ್ಲಾಡಿಸಿಬಿಟ್ಟರು. ಬರಿಗೈಯಲ್ಲಿ ಏಳುತ್ತಿದ್ದೆ. ಅಷ್ಟರಲ್ಲಿ, ಛಾಪಾ ಕಾಗದ ತಂದವನನ್ನು ರತ್ನಮ್ಮ ವಾಪಸ್ಸು ಕಳಿಸಿದ್ದು ನಿಜವೇ ಎಂದು ಕೇಳಿದರು. ಸುದ್ದಿ ಹೇಗೋ ಊರು ಮುಟ್ಟಿತ್ತು. ನಿಜ, ನಾನೇ ನೋಡಿದೆ ಎಂದೆ. ಹಾಗಾದರೆ ಕಾಗದ ಬೇಡ, ಕೋಲಾರಕ್ಕೆ ತಾನೇ ಬಂದು ಬಾಯಲ್ಲಿ ಹೇಳುತ್ತೇನೆ ಎಂದರು.

ವಿಚಾರಣೆಯ ದಿನ ಪಾಪಮ್ಮ ಒಬ್ಬರೇ ಬರಲಿಲ್ಲ. ಉಳಿದ ತೋಪಿನವರನ್ನೂ ಹೊರಡಿಸಿಕೊಂಡು ಬಂದಿದ್ದರು. ಇನ್‌ಕಂ ಟ್ಯಾಕ್ಸ್ ಆಫೀಸಿನ ಕಾರಿಡಾರಿನ ತುಂಬ ಪಂಚೆ, ಸೀರೆ, ಕೈಯಲ್ಲಿ ಬುತ್ತಿ. ಅವರನ್ನು ನೋಡಿದ ರತ್ನಮ್ಮ ನನ್ನ ಕಡೆ ತಿರುಗಿ ಕೆಂಡದಂತೆ ಕಣ್ಣು ಬಿಟ್ಟಳು. ಬಿಡಲಿ ಬಿಡು ಎಂದುಕೊಂಡೆ.

ಅಧಿಕಾರಿ ಮಿತಭಾಷಿ, ವಯಸ್ಸಿನಲ್ಲಿ ಚಿಕ್ಕವರು. ಹೂವಿಗೆ ಎಷ್ಟು ಹಣ ಬಂತು, ಯಾವಾಗ ಬಂತು, ಉತ್ತವರು ಯಾರು ಎಂದು ಪಾಪಮ್ಮನನ್ನು ಕೇಳುತ್ತ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ತಮ್ಮ ಪಕ್ಕದಲ್ಲಿದ್ದ ಫೈಲುಗಳ ರಾಶಿ ತೋರಿಸಿದರು. ಮಾವಿನ ವ್ಯಾಪಾರಿಗಳೆಲ್ಲ ಗೇಣಿ ಕರಾರು ತಂದಿದ್ದಾರೆ, ಒಂದೇ ಕೈಬರಹ, ಒಂದೇ ಒಕ್ಕಣೆ, ಈಕೆ ಯಾಕೆ ತರಲಿಲ್ಲ ಎಂದು ಮೂರ್ತಿಗಳನ್ನು ಕೇಳಿದರು. ನೀವು ಹೆಬ್ಬೆಟ್ಟು ಒತ್ತುವುದಿಲ್ಲ ಎಂದಿರಾ ಅಂತ ಪಾಪಮ್ಮನ ಕಡೆಗೂ ನೋಡಿದರು.

ಪಾಪಮ್ಮ ಹೇಳಿದರು: "ಕೇಳಿದ್ರೆ ಒತ್ತುತಿದ್ದೆ ಸಾಮಿ. ಇವಳತ್ತೆ ಕಾಲ್ದಿಂದ ನಮ್ಮ ಹೂವು ಇವರದೇ. ಇಲ್ಲ ಅನ್ನಾಕೆ ನಂಗೆ ಬಾಯಿ ಬರ್ತಿರ್ಲಿಲ್ಲ. ಒತ್ತಿ, ಸಾಯೋ ತನ್ಕ ಹೆದ್ರುಕೊಂಡಿರ್ತಿದ್ದೆ. ಅವಳು ಕೇಳ್ಲಿಲ್ಲ."

ರತ್ನಮ್ಮ ನೋಟಿಸು ತಂದ ದಿನ ಅತ್ತವಳಲ್ಲ, ಅವತ್ತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಧಿಕಾರಿ ಬರೆದುಕೊಂಡದ್ದನ್ನೆಲ್ಲ ಪಾಪಮ್ಮನಿಗೆ ನಿಧಾನವಾಗಿ, ಆಕೆಯ ಮನೆಮಾತಾದ ತೆಲುಗಿನಲ್ಲಿ ಓದಿ ಹೇಳಿದರು. ಗೇಣಿ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ ತಾನೇ ಎಂದು ಆಕೆ ಕೇಳಿದರು. ಇಲ್ಲ ಎಂದ ಮೇಲೆ ಎಡಗೈ ಹೆಬ್ಬೆಟ್ಟನ್ನು ಇಂಕಿಗೆ ಅದ್ದಿ ಒತ್ತಿದರು. ಮಿಕ್ಕವರೂ ಒಬ್ಬೊಬ್ಬರಾಗಿ ಬಂದು ಹೇಳಿಕೆ ಕೊಟ್ಟರು.

ತೋಪಿನವರಿಗೆ ಕೊಟ್ಟ ಹಣವೆಲ್ಲ ಖರ್ಚೆಂದು ಒಪ್ಪಿಗೆಯಾಯಿತು. ದೊಡ್ಡ ಮೊತ್ತವನ್ನು ನಗದಿನಲ್ಲಿ ಕೊಡಬಾರದೆಂಬ ನಿಯಮವಿದ್ದರೂ, ಬೆಳೆದವರಿಗೇ ಬೆಳೆಗಾಗಿ ಕೊಟ್ಟದ್ದಕ್ಕೆ ಅದರಲ್ಲಿ ವಿನಾಯಿತಿ ಇತ್ತು. ಸ್ವಂತ ತೋಪಿನ ಹಣ ಬೇರೆಯಾಯಿತು. ಉಳಿದ ಲಾಭಕ್ಕೆ ತೆರಿಗೆ ಬಿತ್ತು, ಬಡ್ಡಿ ಬಿತ್ತು, ದಂಡ ಬೀಳಲಿಲ್ಲ. ಗೇಣಿ ಕರಾರು ತಂದಿದ್ದವರ ಫೈಲುಗಳು ಆಮೇಲೆ ವರ್ಷಗಟ್ಟಲೆ ಎಳೆದಾಡಿದ್ದನ್ನು ನಾನು ನೋಡಿದ್ದೇನೆ, ಅದು ಇಲ್ಲಿ ಬೇಡ. ರತ್ನಮ್ಮ ಬ್ಯಾಂಕಿಗೆ ಹೋಗಿ ಚಲನ್ ಕಟ್ಟಿ ಬಂದಳು. ವ್ಯಾಪಾರಕ್ಕೊಂದು, ಮನೆಗೊಂದು ಎಂದು ಎರಡು ಖಾತೆ ತೆಗೆಯಲು ಮೂರ್ತಿಗಳು ಹೇಳಿದ್ದನ್ನು ಅದೇ ದಿನ ಮಾಡಿದಳು. ಔಷಧಿ ಅಂಗಡಿಯಲ್ಲಿ ರಸೀದಿ ಕೇಳಿ ಜಗಳವಾಡುವುದನ್ನೂ ಕಲಿತಳು. ಆಮೇಲೆ ವ್ಯಾಟ್ ಬಂತು, ಕಂಪ್ಯೂಟರ್ ಬಂತು, ಟೈಪ್‌ರೈಟರನ್ನು ಗುಜರಿಗೆ ಹಾಕಿದೆವು. ಅವಳಷ್ಟು ಅಚ್ಚುಕಟ್ಟಾಗಿ ಕಾಗದಪತ್ರ ಇಟ್ಟ ಕಕ್ಷಿದಾರರು ನಮಗೆ ಇನ್ನೊಬ್ಬರಿರಲಿಲ್ಲ.

ಆದರೆ ಆ ಮೊದಲ ವರ್ಷ ತೆರಿಗೆ ಕಟ್ಟಿದ ಮೇಲೆ ಅವಳ ಬಂಡವಾಳ ಕುಗ್ಗಿಹೋಗಿತ್ತು. ಸಂಕ್ರಾಂತಿ ಕಳೆದು ಹೂವು ಬಂತು. ಸಣ್ಣ ತೋಪುಗಳಿಗೆ ಹೇಗೋ ಅಡ್ವಾನ್ಸ್ ಹೊಂದಿಸಿದಳು. ಪಾಪಮ್ಮನ ದೊಡ್ಡ ತೋಪಿಗೆ ಸಾಲದೆ ಬಂತು. ಬೇರೆ ವ್ಯಾಪಾರಿಗಳು ನೋಟು ಹಿಡಿದು ಪಾಪಮ್ಮನ ಬಾಗಿಲಿಗೆ ಬರುತ್ತಿದ್ದರು. ಆ ತೋಪು ಕೈಬಿಟ್ಟರೆ ಆ ವರ್ಷ ಅವಳಿಗೆ ಏನೂ ಉಳಿಯುವುದಿಲ್ಲವೆಂದು ಲೆಕ್ಕ ಹಾಕಿದ ನನಗೂ ಗೊತ್ತಿತ್ತು. ನಾನು ದುಡ್ಡು ಹೊಂದಿಸಲಾರೆ, ನೀವು ಬೇರೆಯವರಿಗೆ ಕೊಟ್ಟುಬಿಡಿ ಎಂದು ಹೇಳುವುದಕ್ಕೆ ಅವಳೇ ಪಾಪಮ್ಮನ ಮನೆಗೆ ಹೋದಳಂತೆ.

ಎರಡು ದಿನ ಕಳೆದು ನಮ್ಮ ಆಫೀಸಿಗೆ ಬಂದಳು. ಮುಖದಲ್ಲಿ ಗಾಬರಿ. ಪಾಪಮ್ಮ ತೋಪನ್ನು ಇವಳಿಗೇ ಕೊಟ್ಟಿದ್ದರು, ಕಾಸು ಮುಟ್ಟಿರಲಿಲ್ಲ. ಈ ವರ್ಷದ ಅಡ್ವಾನ್ಸನ್ನ ನೀನು ಆಗಲೇ ಕೊಟ್ಟಿದ್ದೀಯಲ್ಲೇ, ಹೋಗು, ಹೂವು ಉದುರುವ ಮುಂಚೆ ಔಷಧಿ ಹೊಡೆಸು ಎಂದು ಕಳಿಸಿಬಿಟ್ಟರಂತೆ.

"ನಾನು ಕೊಟ್ಟೇ ಇಲ್ಲ ಮೇಡಂ," ಅಂದಳು ರತ್ನಮ್ಮ. "ಆ ಯಮ್ಮಂಗೆ ವಯಸ್ಸಾಯ್ತು, ಮರ್ತ್‌ಬಿಟ್ಟವ್ರೆ. ನೀವಾದ್ರೂ ಬಂದು ಹೇಳಿ, ನಾಳೆ ನನ್ಮೇಲೆ ಅಪವಾದ ಬರ್ತದೆ."

ಮೂರ್ತಿಗಳು ಫೈಲಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ.

"ಕೊಟ್ಟಿದ್ದೀಯ ರತ್ನಮ್ಮ," ಅಂದೆ. "ಆ ಛಾಪಾ ಕಾಗದ ವಾಪಸ್ಸು ಕಳಿಸಿದ ದಿನ ನಾನೂ ಇಲ್ಲೇ ಇದ್ದೆ."